ಹುಡುಕುವ ಜಾಗ ಬೇರೆ, ಕಟ್ಟುವ ಜಾಗ ಬೇರೆ

ಮೊನ್ನೆ ಅಣ್ಣನ ಮಗನ ಮನೆಗೆ ಹೋಗಿದ್ದೆ. ಅವನ ರೂಮಿನ ಬಾಗಿಲು ತೆಗೆದರೆ ಕಾಲಿಡಲು ಜಾಗ ಇಲ್ಲ. ಮೂವತ್ತು ದಾಟಿದ ಗಂಡಸು ನೆಲದ ಮೇಲೆ ಕೂತು, ಒಂದು ಚೀಲದ ತುಂಬ ಲೆಗೊ ಇಟ್ಟಿಗೆಗಳನ್ನು, ಅಂದರೆ ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ಆಟದ ಇಟ್ಟಿಗೆಗಳನ್ನು, ಸುರಿದುಕೊಂಡು ಎರಡೂ ಕೈಯಲ್ಲಿ ಗೋರುತ್ತಿದ್ದಾನೆ. ಆ ಚರಚರ ಸದ್ದಿಗೆ ಹಲ್ಲು ಜುಂ ಅನ್ನುತ್ತಿತ್ತು. "ಏನು ಹುಡುಕ್ತಾ ಇದೀಯೋ?" ಅಂದೆ. "ಒಂದು ಸಣ್ಣ ಬೂದು ಪೀಸ್, ಅತ್ತೆ. ಅರ್ಧ ಗಂಟೆ ಆಯ್ತು" ಅಂದ. ಅವನ ಹಿಂದೆ ಗೋಡೆಗೆ ಆನಿಸಿ ಹೊಸ ಡ್ರಾಯರ್ ಸ್ಟ್ಯಾಂಡ್. ಅದರಲ್ಲಿ ನಲವತ್ತು ಚಿಕ್ಕ ಖಾನೆಗಳು. ನಲವತ್ತೂ ಖಾಲಿ. ಬೆಲೆಚೀಟಿ ಸಹ ಕಿತ್ತಿರಲಿಲ್ಲ.

ಇದೇ ತಪ್ಪನ್ನು ಎಲ್ಲರೂ ಮಾಡುತ್ತಾರೆ. ಮೊದಲು ಡಬ್ಬಿ ಕೊಳ್ಳುತ್ತಾರೆ, ಆಮೇಲೆ ಅದರಲ್ಲಿ ಏನು ಹಾಕಬೇಕು ಅಂತ ತಲೆ ಕೆರೆದುಕೊಳ್ಳುತ್ತಾರೆ. ಡಬ್ಬಿ ಬಂದ ಮಾತ್ರಕ್ಕೆ ಜಾಗ ಚೊಕ್ಕಟ ಆಗುವುದಿಲ್ಲ. ಹುಡುಕುವ ಜಾಗವೂ ಕಟ್ಟುವ ಜಾಗವೂ ಒಂದೇ ಆಗಿರುವುದರಿಂದಲೇ ಈ ರಾಮಾಯಣ. ಅವೆರಡನ್ನು ಬೇರೆ ಮಾಡಿ, ಅರ್ಧ ಗಲಾಟೆ ಅಲ್ಲಿಗೇ ನಿಲ್ಲುತ್ತದೆ.

ನಾನು ಇದನ್ನು ಕಲಿತದ್ದು ಲೆಗೊದಿಂದಲ್ಲ, ಹೊಲಿಗೆಯಿಂದ. ನಲವತ್ತು ವರ್ಷ ಬಟ್ಟೆ ಹೊಲಿದವಳು ನಾನು. ಮಂಡಿ ನೋವು ಶುರುವಾದ ಮೇಲೆ ಪೆಡಲ್ ತುಳಿಯುವುದು ಬಿಟ್ಟೆ. ಅದೇ ಮೇಜಿನ ಮೇಲೆ ಮಕ್ಕಳು ಬಿಟ್ಟುಹೋದ ಹಳೆ ಇಟ್ಟಿಗೆಗಳನ್ನು ಇಟ್ಟುಕೊಂಡು ಸಂಜೆ ಹೊತ್ತು ಕಟ್ಟತೊಡಗಿದೆ. ನಗುವವರು ನಗಲಿ. ಈ ಇಟ್ಟಿಗೆಗೆ ಡೆನ್ಮಾರ್ಕಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು 1958ರಲ್ಲಿ. ಆ ಕಾಲದ ಇಟ್ಟಿಗೆ ಇವತ್ತಿನದರ ಮೇಲೂ ಟಕ್ ಅಂತ ಕೂರುತ್ತದೆ. ಹಾಗೆ ಬಾಳುವ ಸಾಮಾನನ್ನು ಕಸದ ಹಾಗೆ ನೆಲಕ್ಕೆ ಸುರಿಯುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮೇಜು ಯಾವುದಾದರೂ ಆದೀತು. ಕೂತಾಗ ಮೊಣಕೈ ಆರಾಮಾಗಿ ಮೇಲೆ ಕೂರಬೇಕು, ಹೆಗಲು ಎತ್ತಬಾರದು, ಅಷ್ಟೇ. ಅಗಲ ಬೇಕಾದರೆ ಹೀಗೆ ಲೆಕ್ಕ ಹಾಕಿ. ಕಟ್ಟಡಕ್ಕೆ ತಳವಾಗಿ ಇಡುವ ಆ ಚೌಕದ ಬೇಸ್‌ಪ್ಲೇಟ್ ಇದೆಯಲ್ಲ, ಒಂದೊಂದು ಬದಿಗೆ 32 ಉಬ್ಬು ಇರುವುದು, ಅದು ಸುಮಾರು 25 ಸೆಂಟಿಮೀಟರ್. ಅಂಥವು ಮೂರು ಸಾಲಾಗಿ ಇಟ್ಟರೂ ಪಕ್ಕದಲ್ಲಿ ಒಂದು ಗೇಣು ಉಳಿಯಬೇಕು. ಒಂದು ಬೇಸ್‌ಪ್ಲೇಟಿನಷ್ಟು ಕಟ್ಟುವುದಕ್ಕೆ, ಎರಡರಷ್ಟು ಹುಡುಕುವುದಕ್ಕೆ, ಉಳಿದ ಗೇಣು ಕಟ್ಟುವ ಕ್ರಮ ತೋರಿಸುವ ಪುಸ್ತಿಕೆಗೆ. ಮೇಜು ಇದಕ್ಕಿಂತ ಚಿಕ್ಕದಿದ್ದರೆ ಕಟ್ಟುವುದನ್ನೂ ಚಿಕ್ಕದು ಮಾಡಿಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಸಾಕು.

ಕಿಟಕಿ ಪಕ್ಕ ಮಾತ್ರ ಬೇಡ. ಬೆಳಕು ಚೆನ್ನಾಗಿದೆ ಅಂತ ಎಲ್ಲರೂ ಅಲ್ಲೇ ಹಾಕುತ್ತಾರೆ. ಇಟ್ಟಿಗೆ ಎಬಿಎಸ್ ಅನ್ನುವ ಪ್ಲಾಸ್ಟಿಕ್ಕಿನದು, ಬಿಸಿಲು ಬಿದ್ದರೆ ಬಣ್ಣ ಕೆಡುತ್ತದೆ. ನನ್ನ ಮಗಳು ಚಿಕ್ಕವಳಿದ್ದಾಗ ಕಟ್ಟಿದ ಒಂದು ಬಿಳಿ ಮನೆಯನ್ನು ಕಿಟಕಿ ಕಟ್ಟೆಯ ಮೇಲೆ ಇಟ್ಟಿದ್ದೆ, ಪ್ರೀತಿಯಿಂದ. ಒಂದೆರಡು ವರ್ಷದ ಮೇಲೆ ಒರೆಸಲು ಎತ್ತಿ ನೋಡಿದರೆ ಹೊರಗಿನ ಗೋಡೆ ಹಳದಿ, ಒಳಗಿನ ಗೋಡೆ ಬಿಳಿ. ಉಜ್ಜಿದರೆ ಹೋಗುವ ಹಳದಿಯಲ್ಲ ಅದು. ದೀಪ ಹಾಕಿಕೊಳ್ಳಿ. ಬಲಗೈಯವರು ಎಡಗಡೆಗೆ, ಎಡಗೈಯವರು ಬಲಗಡೆಗೆ. ಬಲ್ಬು ಬಿಳಿ ಬೆಳಕಿನದಿರಲಿ. ಹಳದಿ ಬೆಳಕಿನಲ್ಲಿ ಕಪ್ಪು, ಕಡುನೀಲಿ, ಕಡುಕಂದು ಮೂರೂ ಒಂದೇ ಥರ ಕಾಣುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಚಾವಣಿಗೆ ತೇಪೆ ಹಾಕಿದ ಹಾಗಿರುತ್ತದೆ.

ಇನ್ನು ವಿಂಗಡಣೆ. ಬಣ್ಣ ನೋಡಿ ಬೇರೆ ಮಾಡಬೇಡಿ, ದಯವಿಟ್ಟು. ಕೆಂಪೆಲ್ಲ ಒಂದು ಡಬ್ಬಿ, ನೀಲಿಯೆಲ್ಲ ಒಂದು ಡಬ್ಬಿ. ನೋಡಲು ಚೆಂದ, ಕೆಲಸಕ್ಕೆ ದಂಡ. ನೂರು ಕೆಂಪಿನ ನಡುವೆ ಒಂದು ಚಿಕ್ಕ ಕೆಂಪು ಟೈಲ್, ಅಂದರೆ ಮೇಲೆ ಉಬ್ಬಿಲ್ಲದ ತೆಳು ಬಿಲ್ಲೆ, ಬಿದ್ದರೆ ಕಣ್ಣಿಗೆ ಸಿಕ್ಕುವುದಿಲ್ಲ. ಅದೇ ನೂರು ಟೈಲ್‌ಗಳ ನಡುವೆ ಕೆಂಪಿನದು ಒಂದಿದ್ದರೆ ಅದೇ ಕಣ್ಣಿಗೆ ಹೊಡೆಯುತ್ತದೆ. ನನ್ನ ಗುಂಡಿ ಡಬ್ಬಿಯಲ್ಲೂ ಇದೇ ಪಾಠ ಕಲಿತೆ. ಮೊದಮೊದಲು ಗುಂಡಿಗಳನ್ನು ಬಣ್ಣದ ಪ್ರಕಾರ ಇಟ್ಟಿದ್ದೆ. ಬಿಳಿ ಅಂಗಿಗೆ ಒಂದು ಎರಡು ತೂತಿನ ಗುಂಡಿ ಬೇಕಾದಾಗ ನೂರು ಬಿಳಿ ಗುಂಡಿ ಮಗುಚಿ ಹಾಕಬೇಕಿತ್ತು. ಅಳತೆ ಪ್ರಕಾರ ಇಟ್ಟ ದಿನದಿಂದ ನೆಮ್ಮದಿ.

ಒಂದೇ ಸಲಕ್ಕೆ ನಲವತ್ತು ಖಾನೆ ಮಾಡಲು ಹೋಗಬೇಡಿ. ದಪ್ಪ ಇಟ್ಟಿಗೆ, ತೆಳು ಪ್ಲೇಟ್, ನುಣುಪು ಟೈಲ್, ಇಳಿಜಾರಿನವು, ಚಕ್ರ ಮತ್ತು ಅಚ್ಚು, ಗೊಂಬೆಗಳೂ ಅವುಗಳ ಟೋಪಿ ಕೂದಲೂ, ಏನೂ ಅರ್ಥವಾಗದ ಚಿಲ್ಲರೆ. ಏಳು ಡಬ್ಬಿ ಸಾಕು. ಕೈ ಹಾಕಿದರೆ ಬೆರಳು ತಳ ಮುಟ್ಟಬೇಕು. ಮುಟ್ಟದಿದ್ದರೆ ಆ ಡಬ್ಬಿಯನ್ನು ಎರಡು ಮಾಡಿ, ಅದಕ್ಕೆ ಮುಂಚೆ ಬೇಡ. ಇಟ್ಟಿಗೆಯನ್ನೂ ಪ್ಲೇಟನ್ನೂ ಮಾತ್ರ ಮೊದಲ ದಿನವೇ ಬೇರೆ ಇಡಿ. ಮೂರು ಪ್ಲೇಟ್ ಒಂದರ ಮೇಲೊಂದು ಕೂತರೆ ಸರಿಯಾಗಿ ಒಂದು ಇಟ್ಟಿಗೆಯ ಎತ್ತರ. ಮೇಲಿನಿಂದ ನೋಡಿದರೆ ಎರಡಕ್ಕೂ ಅದೇ ಉಬ್ಬು, ಅದೇ ಅಗಲ. ಪಕ್ಕಕ್ಕೆ ತಿರುಗಿಸಿ ನೋಡದೆ ಯಾವುದು ಯಾವುದು ಅಂತ ತಿಳಿಯುವುದಿಲ್ಲ. ಸುಮ್ನೆ ಬೆರೆಸಿಟ್ಟರೆ ಪ್ರತಿ ಪೀಸನ್ನೂ ಎತ್ತಿ ನೋಡುವ ಶಿಕ್ಷೆ. ಎಂಟು ಉಬ್ಬಿನ ಒಂದೇ ಬಣ್ಣದ ಇಟ್ಟಿಗೆ ಆರು ಇದ್ದರೆ ಅವನ್ನು 91 ಕೋಟಿಗಿಂತ ಹೆಚ್ಚು ಬಗೆಯಲ್ಲಿ ಜೋಡಿಸಬಹುದು ಅಂತ ಲೆಕ್ಕ ಇದೆ. ತಲೆಯ ಕೆಲಸವೆಲ್ಲ ಅದಕ್ಕೆ ಇರಲಿ, ಹುಡುಕುವುದರಲ್ಲಿ ಯಾಕೆ ಕಳೆಯುತ್ತೀರಿ?

ಡಬ್ಬಿಯ ಮೇಲೆ ಹೆಸರು ಬರೆಯುವುದೂ ಬೇಡ. ಒಳಗಿರುವ ಪೀಸ್ ಒಂದನ್ನು ಎರಡು ಮೈಯ ಟೇಪಿನಲ್ಲಿ ಮುಂದೆ ಅಂಟಿಸಿ. ಕನ್ನಡಕ ಇಲ್ಲದೆಯೂ ಗೊತ್ತಾಗುತ್ತದೆ.

ಈಗ ಹುಡುಕುವ ಕಡೆ ಹಾಸುವ ನನ್ನ ಬಟ್ಟೆಯ ವಿಷಯ. ಅಜ್ಜಿಗೆ ಅರಿವೆ ಚಿಂತೆ ಅಂತ ಗೇಲಿ ಮಾಡುವವರು ಮಾಡಲಿ. ಇದೊಂದನ್ನು ಮಾಡಿ, ಮಿಕ್ಕದ್ದು ಬಿಟ್ಟರೂ ಪರವಾಗಿಲ್ಲ.

ಒಂದು ಅಗಲವಾದ ಟ್ರೇ ತಗೊಳ್ಳಿ. ಅಂಚು ಎರಡು ಬೆರಳಿಗಿಂತ ಎತ್ತರ ಇರಬಾರದು. ಅದಕ್ಕಿಂತ ಎತ್ತರವಾದರೆ ಅಂಗೈ ಬದಿ ಅಂಚಿಗೆ ತಾಗುತ್ತಾ ಇರುತ್ತದೆ, ಗಂಟೆ ಕಳೆಯುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ. ಅದರೊಳಗೆ ಹಾಸಲು ಹಳೆ ಹತ್ತಿ ಬೆಡ್‌ಶೀಟ್. ಹೊಸದಲ್ಲ, ಒಗೆದೂ ಒಗೆದೂ ಮೆತ್ತಗಾದದ್ದು. ಟವೆಲ್ ಬೇಡ, ಅದರ ಕುಣಿಕೆಗಳಿಗೆ ಕೊಕ್ಕೆ ಇರುವ ಪೀಸ್‌ಗಳು ಸಿಕ್ಕಿಕೊಂಡು ನೂಲು ಎಳೆಯುತ್ತವೆ. ಸಿಂಥೆಟಿಕ್ ಬೇಡವೇ ಬೇಡ. ಕೈ ಆಡಿಸಿದಷ್ಟೂ ಬಟ್ಟೆ ಜಾರುತ್ತದೆ, ಸಣ್ಣವು ಮೈಗೆ ಅಂಟಿಕೊಂಡು ಬರುತ್ತವೆ.

ಬಣ್ಣದ ವಿಷಯದಲ್ಲಿ ನಾನು ಮೂರು ಸಲ ಎಡವಿದ್ದೇನೆ. ಮೊದಲು ಬಿಳಿ ಹಾಸಿದೆ, ಬಿಳಿ ಪೀಸೂ ಗಾಜಿನ ಥರದವೂ ಕಣ್ಮರೆ. ಆಮೇಲೆ ಬೂದು ಹಾಸಿದೆ. ಲೆಗೊದಲ್ಲಿ ಬೂದು ಎಷ್ಟು ಜಾಸ್ತಿ ಅಂತ ಅವತ್ತು ಗೊತ್ತಾಯಿತು. ಮೂರನೆಯದು ಹೂವಿನ ಪ್ರಿಂಟು. ಅದರ ಸುದ್ದಿಯೇ ಬೇಡ, ಹೂವಿನ ಎಸಳನ್ನೇ ಪೀಸ್ ಅಂತ ಚಿವುಟುತ್ತಾ ಕೂತಿದ್ದೆ. ಕೊನೆಗೆ ಮಾಸಿದ ತಿಳಿ ಗುಲಾಬಿ ಬಣ್ಣದ ಶೀಟ್ ಒಂದು ಕೈಗೆ ಸಿಕ್ಕಿತು. ಕಪ್ಪು, ಬಿಳಿ, ಬೂದು, ಕೆಂಪು, ಹಸಿರು, ಯಾವುದನ್ನು ಹಾಕಿದರೂ ಎದ್ದು ಕಾಣುತ್ತದೆ. ನಿಮ್ಮ ಹತ್ತಿರ ಗುಲಾಬಿ ಇಟ್ಟಿಗೆಗಳೇ ಜಾಸ್ತಿ ಇದ್ದರೆ ತಿಳಿನೀಲಿ ನೋಡಿ.

ಬಟ್ಟೆಯನ್ನು ಎರಡು ಪದರ ಮಡಿಸಿ. ಒಂದೇ ಪದರವಾದರೆ ಟ್ರೇ ಸದ್ದು ಮಾಡುತ್ತದೆ, ಮೂರಾದರೆ ಪೀಸ್‌ಗಳು ಸುಕ್ಕಿನಲ್ಲಿ ಹೂತುಕೊಳ್ಳುತ್ತವೆ. ಟ್ರೇಗಿಂತ ನಾಲ್ಕೂ ಕಡೆ ಒಂದೊಂದು ಅಂಗೈ ಅಗಲ ಹೆಚ್ಚು ಇಟ್ಟು ಕತ್ತರಿಸಿ. ಅಂಚು ಮಡಿಚಿ, ಮೊದಲು ಇಸ್ತ್ರಿ ಒತ್ತಿ, ಆಮೇಲೆ ಹೊಲಿಯಿರಿ. ಈಗಿನವರು ಇಸ್ತ್ರಿ ಒತ್ತದೆ ನೇರ ಮೆಷಿನ್ನಿಗೆ ಹಾಕುತ್ತಾರೆ, ಅಂಚು ಹಾವಿನ ಥರ ಓಡಾಡಿರುತ್ತದೆ. ಇಸ್ತ್ರಿ ಅಂದಾಗ ನೆನಪಾಯಿತು, ದಿಂಬಿನ ಕವರನ್ನು ಒಳಮೈ ಹೊರಗೆ ಮಾಡಿ ಒಗೆಯಿರಿ. ಮೂಲೆಗಳಲ್ಲಿ ಕೂದಲು, ನೂಲಿನ ಉಂಡೆ ಎಷ್ಟಿರುತ್ತದೆ ಅಂತ ನೋಡಿದರೆ ನಿಮಗೇ ನಾಚಿಕೆಯಾಗುತ್ತದೆ. ಇರಲಿ. ಬಟ್ಟೆಯ ನಾಲ್ಕು ಮೂಲೆಗೂ ಬೆರಳು ತೂರುವಷ್ಟು ದಾರದ ಕುಣಿಕೆ ಹೊಲಿಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೂತ ಮೇಲೆ ಒಂದು ಡಬ್ಬಿಯಿಂದ ಎರಡು ಬೊಗಸೆ ಮಾತ್ರ ಬಟ್ಟೆಯ ಮೇಲೆ ಸುರಿಯಿರಿ. ಆಸೆಪಟ್ಟು ಮೂರನೆಯದು ಹಾಕಬೇಡಿ. ಕೈ ಬೆರಳುಗಳನ್ನು ಜೋಡಿಸಿ, ರಾಶಿಯನ್ನು ನಿಮ್ಮಿಂದ ಆಚೆಗೆ ಒಮ್ಮೆ ತಳ್ಳಿ. ಕಲಕಬಾರದು, ತಳ್ಳಬೇಕು. ಕಲಕಿದರೆ ದೊಡ್ಡವು ಮೇಲೆ ಬರುತ್ತವೆ, ಚಿಕ್ಕವು ಅಡಿ ಸೇರುತ್ತವೆ. ಅಲ್ಲಿ ಅಣ್ಣನ ಮಗ ಗೋರುತ್ತಿದ್ದನಲ್ಲ, ಅವನಿಗೆ ಸಿಗದಿದ್ದುದಕ್ಕೆ ಅದೇ ಕಾರಣ. ತಳ್ಳಿದರೆ ಎಲ್ಲ ಒಂದೇ ಪದರವಾಗಿ ಹರಡಿಕೊಳ್ಳುತ್ತವೆ. ಆಮೇಲೆ ಎರಡು ಬೆರಳಿನಲ್ಲಿ ನಿಮ್ಮ ಕಡೆಗೆ ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳುತ್ತಾ ಬೇಕಾದ್ದನ್ನು ಆರಿಸಿ. ಕೈ ಜಾರಿದ ಪೀಸ್ ಪುಟಿದು ಮಂಚದ ಕೆಳಗೆ ಓಡುವುದಿಲ್ಲ, ಬಿದ್ದಲ್ಲೇ ಇರುತ್ತದೆ. ರಾತ್ರಿ ಹನ್ನೊಂದು ಗಂಟೆಗೆ ಕೂತರೂ ಪಕ್ಕದ ಕೋಣೆಯವರಿಗೆ ಎಚ್ಚರ ಆಗುವುದಿಲ್ಲ.

ಮುಗಿದ ಮೇಲೆ ಕುಣಿಕೆಗಳ ಕೆಲಸ. ಒಂದು ಬದಿಯ ಎರಡು ಕುಣಿಕೆಗೆ ಎರಡು ಕೈಯ ತೋರುಬೆರಳು ತೂರಿಸಿ ಎತ್ತಿ. ಪೀಸ್‌ಗಳೆಲ್ಲ ನಡುವೆ ಸೇರುತ್ತವೆ. ಉಳಿದೆರಡು ಕುಣಿಕೆಗೆ ಕಿರುಬೆರಳು. ಈಗ ಬಟ್ಟೆ ಜೋಳಿಗೆಯಾಯಿತು. ಒಂದು ಕಡೆ ತಗ್ಗಿಸಿದರೆ ದೋಣಿಯಿಂದ ನೀರು ಇಳಿದ ಹಾಗೆ ಡಬ್ಬಿಗೆ ಇಳಿಯುತ್ತವೆ, ಒಂದೂ ಆಚೆ ಬೀಳುವುದಿಲ್ಲ. ಇಪ್ಪತ್ತು ಎಣಿಸುವಷ್ಟರಲ್ಲಿ ಮೇಜು ಖಾಲಿ. ಆಮೇಲೆ ಇನ್ನೊಂದು ಡಬ್ಬಿ. ಎರಡು ಡಬ್ಬಿ ಒಟ್ಟಿಗೆ ಬಟ್ಟೆಗೆ ಬಂದರೆ ಇಷ್ಟು ಹೊತ್ತು ಮಾಡಿದ ವಿಂಗಡಣೆ ನೀರಿನಲ್ಲಿ ಹೋಮ.

ಕಟ್ಟುವ ಕಡೆ ಬಟ್ಟೆ ಹಾಸಬೇಡಿ. ಅಲ್ಲಿ ಗಟ್ಟಿ ಬರಿಮೇಜು ಬೇಕು. ಮೆತ್ತನೆ ಜಾಗದಲ್ಲಿ ಇಟ್ಟು ಒತ್ತಿದರೆ ಕಟ್ಟಡ ಬಾಗುತ್ತದೆ, ಕೆಳಗಿನ ಸಾಲು ಬಿಟ್ಟುಕೊಳ್ಳುತ್ತದೆ.

ಬಿಡಿಸಲು ಹಲ್ಲು ಬಳಸುವವರನ್ನು ನೋಡಿದ್ದೇನೆ. ಇಟ್ಟಿಗೆಯ ಮೇಲೆ ಹಲ್ಲಿನ ಗುರುತು, ಛೀ. ಇಟ್ಟಿಗೆ ಬಿಡಿಸಲೆಂದೇ ಸೆಪರೇಟರ್ ಅಂತ ಒಂದು ಉಪಕರಣ ಇದೆ, ದೊಡ್ಡ ಸೆಟ್‌ಗಳ ಜೊತೆ ಎಷ್ಟೋ ಸಲ ಬಂದಿರುತ್ತದೆ. ಅದಕ್ಕೊಂದು ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿಯಿರಿ, ಇಲ್ಲವಾದರೆ ಅದನ್ನೇ ಹುಡುಕುತ್ತಾ ಕೂರುತ್ತೀರಿ. ಎರಡು ತೆಳು ಪ್ಲೇಟ್ ಒಂದಕ್ಕೊಂದು ಕಚ್ಚಿಕೊಂಡರೆ ಮೇಲೊಂದು ಕೆಳಗೊಂದು ಸೆಪರೇಟರ್ ಸಿಕ್ಕಿಸಿ, ಹಿಡಿಗಳನ್ನು ಹತ್ತಿರಕ್ಕೆ ಹಿಸುಕಿ.

ತೊಳೆಯುವುದೂ ದೊಡ್ಡ ವಿದ್ಯೆಯಲ್ಲ. ಬೆಚ್ಚಗಿನ ನೀರು, ಒಂದು ತೊಟ್ಟು ಸೋಪು, ಕೈಯಲ್ಲೇ ಆಡಿಸಿ. 40 ಡಿಗ್ರಿ ದಾಟಬಾರದು, ಅಂದರೆ ಮಗುವಿಗೆ ಸ್ನಾನ ಮಾಡಿಸುವಷ್ಟು ಬಿಸಿ. ವಾಷಿಂಗ್ ಮೆಷಿನ್ ಬೇಡ, ಹೇರ್ ಡ್ರೈಯರ್ ಬೇಡ. ಸ್ಟಿಕ್ಕರ್ ಇರುವವು, ಮೋಟಾರು ಬ್ಯಾಟರಿ ಇರುವವು ನೀರಿಗೆ ಇಳಿಯಬಾರದು. ಉಬ್ಬು ಮೇಲೆ ಮಾಡಿ ಬಟ್ಟೆಯ ಮೇಲೆ ಸಾಲಾಗಿ ಇಡಿ, ಒಳಗಿನ ನೀರು ಬಸಿದುಹೋಗಲಿ. ನೆರಳಿನಲ್ಲೇ, ಬಿಸಿಲಿನ ಕಥೆ ಆಗಲೇ ಹೇಳಿದೆನಲ್ಲ. ಅರ್ಧ ಕಟ್ಟಿದ್ದಕ್ಕೆ ರಾತ್ರಿ ಒಂದು ತೆಳು ಬಟ್ಟೆ ಮುಚ್ಚಿ, ಧೂಳು ಕೂತರೆ ಬಣ್ಣ ಹಚ್ಚುವ ಮೆತ್ತನೆ ಬ್ರಶ್ ಆಡಿಸಿ. ಪುಸ್ತಿಕೆ ಹರಿದರೆ ಗಾಬರಿ ಬೇಡ, ಸೆಟ್ಟಿನ ನಂಬರ್ ಗೊತ್ತಿದ್ದರೆ ಕಂಪನಿಯ ಆ್ಯಪ್‌ನಲ್ಲಿ ಹುಡುಕಿ ನೋಡಿ. ಆ ನಂಬರನ್ನು ಡಬ್ಬಿಯ ತಳದಲ್ಲಿ ಬರೆದಿಡಿ.

ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಮಾತ್ರ ಇದ್ಯಾವುದರಲ್ಲೂ ಸಡಿಲ ಬೇಡ. ಡಬ್ಬಿಗೆ ಬಿಗಿ ಮುಚ್ಚಳ, ಡಬ್ಬಿ ಎತ್ತರದಲ್ಲಿ, ನೀವು ಎದ್ದ ತಕ್ಷಣ ಬಟ್ಟೆ ಖಾಲಿ. ಆ ಮಕ್ಕಳಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ.

ನೆಲಕ್ಕೆ ಬಿದ್ದದ್ದನ್ನು ಹುಡುಕಲು ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಹಳೆ ಸ್ಟಾಕಿಂಗ್ ಬಿಗಿದು ಕಟ್ಟಿ. ಪೀಸ್ ಬಂದು ಅದಕ್ಕೇ ಕಚ್ಚಿಕೊಳ್ಳುತ್ತದೆ, ಒಳಗೆ ಹೋಗುವುದಿಲ್ಲ. ಇದನ್ನು ಅಣ್ಣನ ಮಗನಿಗೆ ತೋರಿಸಿಕೊಟ್ಟವಳೂ ನಾನೇ. ಆದರೂ ಹೋದ ವರ್ಷ ನಮ್ಮನೆಯಲ್ಲಿ ಕಟ್ಟಲು ಕೂತಾಗ ಕಾರಿನ ಹಿಂದಿನ ದೀಪಕ್ಕೆ ಬೇಕಾದ ಉಗುರಿನಷ್ಟು ಕೆಂಪು ಗಾಜಿನ ಥರದ ಪೀಸ್ ಕಾಣೆಯಾಯಿತು. "ಅತ್ತೆ, ನೀವೇ ಗುಡಿಸಿ ಹಾಕಿದ್ದು" ಅಂತ ಎಲ್ಲರ ಎದುರೂ ಅಂದ. ಆ ಕಾರು ಇವತ್ತಿಗೂ ಒಂದು ದೀಪದ್ದೇ. ಮೂರು ತಿಂಗಳ ಮೇಲೆ ವಾಷಿಂಗ್ ಮೆಷಿನ್ನಿನ ಫಿಲ್ಟರ್ ತೊಳೆಯುವಾಗ ಸಿಕ್ಕಿತು. ಅವನು ನಮ್ಮಲ್ಲಿ ಬಿಟ್ಟುಹೋಗಿದ್ದ ಪ್ಯಾಂಟಿನ ಜೇಬಿನದು. ನನ್ನ ಗುಂಡಿ ಡಬ್ಬಿಯಲ್ಲಿದೆ, ಎರಡು ತೂತಿನವುಗಳ ಪಕ್ಕದ ಖಾನೆಯಲ್ಲಿ. ಬಂದು ಕೇಳಿದರೆ ಕೊಡುತ್ತೇನೆ.