ಮನಸ್ಸಿನ ಕಾಯಿಲೆಗೆ ಸರ್ಕಾರಿ ಚಿಕಿತ್ಸೆ: ಕಾರ್ಡ್ ಯಾವಾಗ ಬೇಕು, ಯಾವಾಗ ಬೇಡ?

ಹೊಸನಗರದ ಕಡೆಯ ನಮ್ಮ ಅತ್ತೆಯ ಮಗ ಮೂರು ತಿಂಗಳು ನಿದ್ದೆಯಿಲ್ಲದೆ ರಾತ್ರಿಯೆಲ್ಲ ಅಂಗಳದಲ್ಲಿ ಓಡಾಡಿದ. ಡಾಕ್ಟರಿಗೆ ತೋರಿಸಿದ್ರಾ ಅಂತ ಕೇಳಿದರೆ ಅತ್ತೆಯದು ಒಂದೇ ಮಾತು: "ಕಾರ್ಡ್ ಇನ್ನೂ ಆಗಿಲ್ಲ ಮಾರಾಯಾ." ಅವರು ಸರ್ಕಾರಿ ಆರೋಗ್ಯ ಯೋಜನೆಯ ಆಯುಷ್ಮಾನ್ ಕಾರ್ಡಿಗೆ ಕಾಯಬೇಕಾಗಿಯೇ ಇರಲಿಲ್ಲ. ಇದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಸುಮ್ನೆ ತೋರಿಸಿಕೊಂಡು ಬರಲು ಆಯುಷ್ಮಾನ್ ಕಾರ್ಡ್ ಬೇಡ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಮಳೆಯಲ್ಲಿ ಎರಡು ಬಸ್ ಹತ್ತಿ ಹೋಗುವವರು ಹಿಂದಿನ ದಿನವೇ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಳ್ಳಿ. ಶಿವಮೊಗ್ಗ ಹತ್ತಿರವಿದ್ದರೆ ಮೆಗ್ಗಾನ್ ಆಸ್ಪತ್ರೆಯಲ್ಲೇ ಮನೋವೈದ್ಯ ವಿಭಾಗವಿದೆ. ಮನೆಯಿಂದ ಹೊರಡಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಮಂಗಳವಾರದವರೆಗೆ ಕಾಯಲೇಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹೋಗುವ ಮುಂಚೆ ಒಂದು ಚೀಟಿ ಬರೆದಿಟ್ಟುಕೊಳ್ಳಿ. ನಿದ್ದೆ ಎಂದಿನಿಂದ ಕೆಟ್ಟಿತು, ಊಟ ಹೇಗಿದೆ, ಕುಡಿತ ಇದೆಯಾ, ಮನೆಯಲ್ಲಿ ಮೊದಲು ಯಾರಿಗಾದರೂ ಹೀಗಾಗಿತ್ತಾ. ಡಾಕ್ಟರ ಮುಂದೆ ಕೂತಾಗ ಅರ್ಧ ಮರೆತೇಹೋಗುತ್ತದೆ, ಅಲ್ವಾ? ಮೊದಲು ನುಂಗಿದ ಮಾತ್ರೆಯ ಖಾಲಿ ಹಾಳೆಯೂ ಜೊತೆಗಿರಲಿ.

ಅಡ್ಮಿಟ್ ಆಗಬೇಕು ಅಂದಾಗ ಕಾರ್ಡಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜಿನ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ) ಶೇ 30 ಭಾಗ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ರೇಷನ್ ಕಾರ್ಡ್, ಆಧಾರ್ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಯ್ಯಿರಿ. ಖಾಸಗಿ ಆಸ್ಪತ್ರೆಗೆ ಸೇರಿಸುವುದಾದರೆ ಮೊದಲೇ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಹತ್ತಿರ ಎರಡು ವಿಷಯ ಕೇಳಿ: ಈ ಕಾಯಿಲೆಗೆ ಇಲ್ಲಿ ಯೋಜನೆ ನಡೆಯುತ್ತದಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ?

ಸ್ವಂತ ದುಡ್ಡಿನ ಪಾಲಿಸಿ ಇದ್ದವರಿಗೂ ಹಕ್ಕಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಕೊಡಲ್ಲ ಅಂದರೆ ಕಾರಣ ಬರೆದು ಕೊಡಲು ಕೇಳಿ. ಕಂಪನಿಗೆ ದೂರು ಕೊಟ್ಟೂ ಸರಿಹೋಗದಿದ್ದರೆ ಇಂಥ ದೂರು ಕೇಳಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ.

ಅತ್ತೆಯ ಮಗ ಈಗ ತೋಟಕ್ಕೆ ಹೋಗುತ್ತಿದ್ದಾನೆ. ನಿದ್ದೆ ಬಂತು ಅಂತ ನಡುವೆ ತಾನೇ ಮಾತ್ರೆ ಬಿಟ್ಟಿದ್ದ, ಮತ್ತೆ ಅಂಗಳಕ್ಕೆ ಇಳಿದ. ಈಗ ಅತ್ತೆ ಮಾತ್ರೆ ಡಬ್ಬಿಯನ್ನು ಕಾಫಿಪುಡಿ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದಾರೆ. ಹತ್ತು ಮಾತ್ರೆ ಉಳಿದಾಗಲೇ ಆಸ್ಪತ್ರೆಗೆ ಹೊರಡುತ್ತಾರೆ.