ರಾಕ್ ಸಂಗೀತದಲ್ಲಿ ಖ್ಯಾತಿಯ ಬೆಲೆಯನ್ನು ಕೇಳಿ ತಿಳಿಯುವ ಬಗೆ

ರಾಕ್ ಕಲಾವಿದರು ಖ್ಯಾತಿಗಾಗಿ ತೆತ್ತ ಬೆಲೆಯನ್ನು ಅರಿಯಬಯಸುವವರು ಸಾಮಾನ್ಯವಾಗಿ ಅವರ ಸಾವಿನ ಕಥೆಗಳಿಂದ ಆರಂಭಿಸುತ್ತಾರೆ. ಜಿಮಿ ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್ ಮೂವರೂ 27ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ನಿಜ. ಆದರೆ ಆ ವಯಸ್ಸೇ ರಾಕ್ ಕಲಾವಿದರಿಗೆ ಅಪಶಕುನ ಎಂಬ ನಂಬಿಕೆ ಸಂಗೀತದ ಬಗ್ಗೆ ಏನನ್ನೂ ಹೇಳುವುದಿಲ್ಲ. ಜೀವನಚರಿತ್ರೆಗಳನ್ನು ಸದ್ಯಕ್ಕೆ ಬದಿಗಿಟ್ಟು, ಒಂದೇ ತಂಡದ ಆಲ್ಬಮ್‌ಗಳನ್ನು ಅವು ಹೊರಬಂದ ಕ್ರಮದಲ್ಲಿಯೇ ಕೇಳಿರಿ. ಜನಪ್ರಿಯ ಹಾಡುಗಳ ಸಂಕಲನ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಅದು ಗೆಲುವನ್ನಷ್ಟೇ ಆರಿಸಿ ಕೊಡುತ್ತದೆ.

ಮೊದಲಿಗೆ ನಿರ್ವಾಣ ತಂಡವನ್ನು ತೆಗೆದುಕೊಳ್ಳಿರಿ. 1989ರ ಬ್ಲೀಚ್ ಸುಮಾರು 600 ಡಾಲರ್ ಖರ್ಚಿನಲ್ಲಿ ಧ್ವನಿಮುದ್ರಣಗೊಂಡ ಒರಟು ಆಲ್ಬಮ್. 1991ರ ನೆವರ್‌ಮೈಂಡ್‌ನಲ್ಲಿ ಅದೇ ಗದ್ದಲಕ್ಕೆ ಹೊಳಪು ಬಂದಿದೆ. 1992ರ ಜನವರಿಯಲ್ಲಿ ಅದು ಅಮೆರಿಕದ ಆಲ್ಬಮ್ ಜನಪ್ರಿಯತೆಯ ಪಟ್ಟಿಯಲ್ಲಿ ಮೈಕೆಲ್ ಜಾಕ್ಸನ್‌ನ ಆಲ್ಬಮನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿತು. ಅದರ ಬೆನ್ನಿಗೇ 1993ರ ಇನ್ ಯೂಟರೊ ಕೇಳಿದರೆ, ತಂಡದ ಗಾಯಕ ಕರ್ಟ್ ಕೊಬೈನ್ ಆ ಹೊಳಪನ್ನು ಬೇಕೆಂದೇ ಕೆರೆದು ತೆಗೆದದ್ದು ತಿಳಿಯುತ್ತದೆ: ಡ್ರಮ್ ಪಕ್ಕದಲ್ಲೇ ಬಡಿದಂತೆ ಕೇಳಿಸುತ್ತದೆ, ಹರೆಯದ ಸಂಕಟ ಒಳ್ಳೆಯ ಲಾಭ ತಂದಿತು ಎಂಬ ಕಹಿ ವ್ಯಂಗ್ಯದಿಂದಲೇ ಮೊದಲ ಹಾಡು ತೊಡಗುತ್ತದೆ.

ಆ ಬಳಿಕ ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಧ್ವನಿಮುದ್ರಣಗೊಂಡ, ಅಬ್ಬರವಿಲ್ಲದ ವಾದನದ ಟಿವಿ ಕಾರ್ಯಕ್ರಮ ಅನ್‌ಪ್ಲಗ್ಡ್ ಅನ್ನು ಹಾಕಿರಿ. ಎಲ್ಲರೂ ಕಾಯುತ್ತಿದ್ದ ಪ್ರಸಿದ್ಧ ಹಾಡು, ನೆವರ್‌ಮೈಂಡ್‌ನ ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್, ಅದರಲ್ಲಿ ಇಲ್ಲವೇ ಇಲ್ಲ. ಕೊನೆಗೆ ಬರುವ ಹಳೆಯ ಜಾನಪದ ಗೀತೆಯಲ್ಲಿ ಧ್ವನಿ ಇದ್ದಕ್ಕಿದ್ದಂತೆ ಮೇಲಿನ ಸ್ಥಾಯಿಗೆ ಜಿಗಿದು ಒಡೆಯುತ್ತದೆ, ಅಂತಿಮ ಸಾಲಿನಲ್ಲಿ ಕ್ಷಣಕಾಲ ನಿಂತು ಉಸಿರೆಳೆದುಕೊಳ್ಳುತ್ತದೆ. ವಿದ್ಯುತ್ ಗಿಟಾರಿನ ಅಬ್ಬರವಿಲ್ಲದೆಯೂ ಅದು ಅಪ್ಪಟ ರಾಕ್ ಎಂಬುದೇ ನನ್ನ ಅಭಿಪ್ರಾಯ. ಈ ಭಾಗವನ್ನು ಹೆಡ್‌ಫೋನ್‌ನಲ್ಲಿ ಎರಡು ಬಾರಿ ಕೇಳುವುದು ಒಳ್ಳೆಯದು.

ಬೀಟಲ್ಸ್ ವಿಷಯದಲ್ಲಿ ಬೆಲೆ ಬೇರೆ ಬಗೆಯದು. 1965ರಲ್ಲಿ ನ್ಯೂಯಾರ್ಕ್‌ನ ಶೇ ಕ್ರೀಡಾಂಗಣದಲ್ಲಿ ಸೇರಿದ 55,000ಕ್ಕೂ ಹೆಚ್ಚು ಜನರ ಕಿರುಚಾಟದಲ್ಲಿ ಅವರಿಗೆ ತಮ್ಮ ವಾದನವೇ ಕೇಳಿಸುತ್ತಿರಲಿಲ್ಲ. 1966ರ ಆಗಸ್ಟ್‌ನಲ್ಲಿ ಪ್ರವಾಸವನ್ನೇ ನಿಲ್ಲಿಸಿದರು. ಅದೇ ತಿಂಗಳು ಬಂದ ರಿವಾಲ್ವರ್‌ನ ಒಂದು ಹಾಡನ್ನೂ ವೇದಿಕೆಯ ಮೇಲೆ ನುಡಿಸಲಿಲ್ಲ. ಶೇ ಕಾರ್ಯಕ್ರಮದ ದೃಶ್ಯಗಳನ್ನು ನೋಡಿ, ಆಮೇಲೆ ಆ ಆಲ್ಬಮಿನ ಕೊನೆಯ ಹಾಡನ್ನು ಕೇಳಿದರೆ ಕಾರಣ ಸ್ಪಷ್ಟವಾಗುತ್ತದೆ.

ಕಡೆಯಲ್ಲಿ ಪಿಂಕ್ ಫ್ಲಾಯ್ಡ್‌ನ 1975ರ ವಿಶ್ ಯು ವರ್ ಹಿಯರ್ ಆಲ್ಬಮನ್ನು ನಡುವೆ ನಿಲ್ಲಿಸದೆ ಕೇಳಿರಿ. 1968ರಲ್ಲಿ ತಂಡದಿಂದ ದೂರವಾದ ಮೊದಲ ಗಾಯಕ ಸಿಡ್ ಬ್ಯಾರೆಟ್‌ನನ್ನು ನೆನೆಯುವ ಮೊದಲ ಹಾಡಿನಲ್ಲಿ ಎಂಟು ನಿಮಿಷ ಕಳೆದರೂ ಗಾಯನ ಆರಂಭವಾಗುವುದಿಲ್ಲ. ಆ ಭಾಗವನ್ನು ಮುಂದಕ್ಕೆ ಓಡಿಸಬಾರದು. ಮೂರನೆಯ ಹಾಡಿನಲ್ಲಿ ಧ್ವನಿಮುದ್ರಣ ಕಂಪನಿಯವನೊಬ್ಬ ತಂಡವನ್ನು ಹೊಗಳುತ್ತಲೇ, ಪಿಂಕ್ ಎಂಬ ಹೆಸರಿನವರು ತಂಡದಲ್ಲಿ ಯಾರೂ ಇಲ್ಲವೆಂಬುದೇ ತಿಳಿಯದೆ, ನಿಮ್ಮಲ್ಲಿ ಪಿಂಕ್ ಯಾರು ಎಂದು ಕೇಳುತ್ತಾನೆ. ಸಾಹಿತ್ಯವನ್ನು ಕಣ್ಣಮುಂದೆ ಇಟ್ಟುಕೊಂಡು ಕೇಳಬೇಕಾದದ್ದು ಆ ಹಾಡೊಂದನ್ನೇ.