ವಾರಪತ್ರಿಕೆಯ ಪುಟಗಳಲ್ಲಿ ‘ಕೈ’: ಒಂದು ಪದದ ಬೆನ್ನುಹತ್ತಿದ ನನ್ನ ಅನುಭವ

ವಾರಪತ್ರಿಕೆಯ ಪುಟಗಳನ್ನು ತಿದ್ದುವ ಉಪಸಂಪಾದಕನಾಗಿ ನಾನು ದಿನವೂ ಕಾಣುವ ಪದಗಳಲ್ಲಿ ‘ಕೈ’ಯಷ್ಟು ದುಡಿಯುವ ಪದ ಇನ್ನೊಂದಿಲ್ಲ. ರಾಜಕೀಯ, ಕೃಷಿ, ಕ್ರೀಡೆ, ಅಪರಾಧ ಎಂಬ ಭೇದವಿಲ್ಲದೆ ಎಲ್ಲ ಪುಟಗಳಲ್ಲೂ ಅದು ಬರುತ್ತದೆ. ಆದರೆ ದೇಹದ ಅಂಗವೆಂಬ ಮೂಲಾರ್ಥದಲ್ಲಿ ಬರುವುದು ಅಪರೂಪ. ನಿಘಂಟು ಅದರ ಅರ್ಥಗಳನ್ನು ಒಂದರ ಕೆಳಗೊಂದರಂತೆ ಕೊಡುತ್ತದೆಯೇ ಹೊರತು, ಯಾವ ಅರ್ಥ ಯಾವ ಬಗೆಯ ಬರಹದಲ್ಲಿ ನೆಲೆಯೂರಿದೆ ಎಂಬುದನ್ನು ತಿಳಿಸುವುದಿಲ್ಲ. ಅದನ್ನು ಅರಿಯಲೆಂದು ಹಳೆಯ ಸಂಚಿಕೆಗಳ ಕಡತಗಳಿಂದ ಈ ಪದವಿರುವ ಸಾಲುಗಳನ್ನಷ್ಟೇ ಆಯ್ದು ಜೋಡಿಸತೊಡಗಿದೆ.

ಹುಡುಕಾಟದಲ್ಲೇ ಸಾಕಷ್ಟು ಕೆಲಸವಿತ್ತು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಸರ್ವಸಮ್ಮತ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿದ್ದ ಕಡತಗಳನ್ನು ಮೊದಲು ಪರಿವರ್ತಿಸಬೇಕಾಯಿತು. ಯೂನಿಕೋಡ್‌ನಲ್ಲಿಯೂ ಐತ್ವವನ್ನು ಒಂದೇ ಸಂಕೇತವಾಗಿ ಇಲ್ಲವೇ ಎರಡು ಸಂಕೇತಗಳ ಜೋಡಿಯಾಗಿ ಬರೆಯಬಹುದು. ನಮ್ಮ ಕಣ್ಣಿಗೆ ಎರಡೂ ‘ಕೈ’ ಎಂದೇ ಕಂಡರೂ ಸರಳ ಹುಡುಕಾಟಕ್ಕೆ ಅವು ಬೇರೆಬೇರೆ. ಎಲ್ಲವನ್ನೂ ಒಂದೇ ರೂಪಕ್ಕೆ ತಂದ ಮೇಲೆ ಕೈಗಾರಿಕೆ, ಕೈದಿ, ಕೈಲಾಸಗಳು ಸಾಲುಗಟ್ಟಿ ಬಂದವು. ಬೇಡದವನ್ನು ತೆಗೆದುಹಾಕುವುದು ಸುಲಭ, ಬಾರದೆ ಉಳಿದವನ್ನು ಹಿಡಿಯುವುದೇ ಕಷ್ಟ. ಆದೇಶ ಸಂಧಿಯಲ್ಲಿ ಉತ್ತರಪದದ ಕಕಾರಕ್ಕೆ ಗಕಾರ ಬರುವುದರಿಂದ ‘ಎಡಗೈ ಬ್ಯಾಟರ್’, ‘ಬರಿಗೈಯಲ್ಲಿ ಮರಳಿದರು’, ‘ಮೇಲುಗೈ ಸಾಧಿಸಿತು’ ಎಂಬಂಥವು ‘ಕೈ’ ಎಂದು ಹುಡುಕಿದರೆ ಸಿಗುವುದೇ ಇಲ್ಲ. ‘ಗೈ’ ಎಂದು ಹುಡುಕಿದರೆ ಗೈರುಹಾಜರಿಯೂ ‘ಸೇವೆಗೈದ’ವರೂ ಜೊತೆಗೇ ಬರುತ್ತಾರೆ. ಮೇಲುಗೈ, ಬರಿಗೈಗಳು ಸುದ್ದಿಬರಹದ ಜೀವಾಳವೆಂದೇ ನಾನು ಭಾವಿಸಿರುವುದರಿಂದ ಅವನ್ನು ಕಣ್ಣಿನಿಂದಲೇ ಆರಿಸಿ ಸೇರಿಸಿದೆ.

ಪದವನ್ನು ಅದರ ಒಡನಾಡಿಗಳಿಂದ ಅರಿಯಬೇಕೆಂದು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ್ದರು. ‘ಕೈ’ಯ ಮಟ್ಟಿಗೆ ಅರ್ಥವನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಅದರ ಮುಂದಿನ ಕ್ರಿಯಾಪದ. ಹಾಗಾಗಿ ‘ಕೈ’ಯನ್ನು ನಡುವಿನಲ್ಲಿರಿಸಿ, ಬಲಗಡೆಯ ಪದದ ಅಕಾರಾದಿಯಲ್ಲಿ ಸಾಲುಗಳನ್ನು ಜೋಡಿಸಿದೆ; ಪ್ರತಿ ಸಾಲಿನ ಅಂಚಿನಲ್ಲಿ ಅದು ಯಾವ ಪುಟದ್ದೆಂದು ಗುರುತು ಹಾಕಿಕೊಂಡೆ.

ಕೃಷಿ ಪುಟದಲ್ಲಿ ಮುಂಗಾರು ಕೈಕೊಡುತ್ತದೆ, ಬೆಳೆ ಕೈಸೇರುವುದಿಲ್ಲ. ಕ್ರೀಡಾಪುಟದಲ್ಲಿ ತಂಡ ಗೆಲುವನ್ನು ಕೈಚೆಲ್ಲುತ್ತದೆ. ರಾಜಕೀಯ ಪುಟದಲ್ಲಿ ಟಿಕೆಟ್ ಕೈತಪ್ಪುತ್ತದೆ, ಎದುರಾಳಿಗಳು ಕೈಜೋಡಿಸುತ್ತಾರೆ. ಇಂದಿರಾ ಕಾಂಗ್ರೆಸ್ 1978ರಲ್ಲಿ ಹಸ್ತದ ಗುರುತನ್ನು ಪಡೆದ ಮೇಲೆ ‘ಕೈ’ ಎಂಬುದು ಪಕ್ಷದ ಹೆಸರೂ ಆಗಿ, ಇಕ್ಕಟ್ಟಾದ ಶೀರ್ಷಿಕೆಗಳಿಗೆ ‘ಕಮಲ’ ಮತ್ತು ‘ತೆನೆ’ಗಳಂತೆಯೇ ಒದಗಿಬಂತು. ಇಲ್ಲಿ ಉದ್ಧರಣ ಚಿಹ್ನೆ ಅಲಂಕಾರವಲ್ಲ. ‘ಕೈ ಹಿಡಿದ ಮಾಜಿ ಶಾಸಕರು’ ಎಂಬ ಶೀರ್ಷಿಕೆಯಲ್ಲಿ ‘ಕೈ’ಗೆ ಚಿಹ್ನೆಯಿದ್ದರೆ ಅವರು ಕಾಂಗ್ರೆಸ್ ಸೇರಿದವರು, ಇಲ್ಲದಿದ್ದರೆ ಕಷ್ಟಕಾಲದಲ್ಲಿ ಯಾರಿಗೋ ನೆರವಾದವರು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ‘ಕೈಚಳಕ’. ಕ್ರೀಡಾಪುಟದಲ್ಲಿ ಅದು ಸ್ಪಿನ್ ಬೌಲರನಿಗೆ ಸಲ್ಲುವ ಮೆಚ್ಚುಗೆ. ಅಪರಾಧ ಪುಟದಲ್ಲಿ ಅದೇ ಪದ ಮನೆಗಳ್ಳರಿಗೆ ಸಲ್ಲುತ್ತದೆ. ಒಡವೆ ಕಳೆದುಕೊಂಡ ಮನೆಯವರು ಆ ಸುದ್ದಿಯನ್ನು ಓದುತ್ತಾರೆಂಬುದನ್ನು ನೆನೆದರೆ ಆ ಬಳಕೆಯನ್ನು ನಾನು ಒಪ್ಪಲಾರೆ. ಅಂಥಲ್ಲಿ ‘ಕಳವು’ ಎಂದೇ ಬರೆಯುತ್ತೇನೆ.

ಇನ್ನೂ ಗಂಭೀರವಾದುದು, ‘ಕೈ’ ಇದ್ದೂ ಅದು ಯಾರ ಕೈಯೆಂದು ಕಾಣದ ಸಾಲುಗಳು. ‘ಕ್ರಮ ಕೈಗೊಳ್ಳಲಾಗುವುದು’, ‘ಯೋಜನೆಯನ್ನು ಕೈಬಿಡಲಾಗಿದೆ’, ‘ಪ್ರಭಾವಿಗಳ ಕೈವಾಡವಿದೆ ಎನ್ನಲಾಗಿದೆ’ ಎಂಬ ಮೂರು ವಾಕ್ಯಗಳಲ್ಲಿಯೂ ಕೈಗೊಂಡವರಿಲ್ಲ, ಕೈಬಿಟ್ಟವರಿಲ್ಲ, ಹೇಳಿದವರೂ ಇಲ್ಲ. ಮೊದಲನೆಯದು ಅಧಿಕಾರಿಗಳ ಮಾತಿನಿಂದ ಬಂದು ವರದಿಗಾರನ ಬರವಣಿಗೆಯಲ್ಲಿ ನೆಲೆ ನಿಂತಿದೆ. ‘ಕೈವಾಡ’ ಅದಕ್ಕಿಂತ ಅಪಾಯಕರ, ಏಕೆಂದರೆ ಅದು ತಪ್ಪನ್ನು ಹೊರಿಸುತ್ತದೆ, ಆದರೆ ಏನು ಮಾಡಿದರೆಂಬುದನ್ನು ಹೇಳುವುದಿಲ್ಲ. ಅಂಥ ಆರೋಪಕ್ಕೆ ಉತ್ತರಿಸಲು ಯಾರಿಗೂ ದಾರಿಯಿರುವುದಿಲ್ಲ.

ಈ ಸಾಲುಗಳನ್ನು ಒಟ್ಟಿಗೆ ಓದಿದ ಮೇಲೆ ನನ್ನ ತಿದ್ದುವ ಕ್ರಮ ಬದಲಾಗಿದೆ. ‘ಕೈಗೊಳ್ಳಲಾಗುವುದು’ ಎಂದಿರುವಲ್ಲಿ ಮಾಡುವವರನ್ನು ವಾಕ್ಯದ ಮೊದಲಿಗೆ ತಂದು ‘ಇಲಾಖೆ ತನಿಖೆ ನಡೆಸಲಿದೆ’ ಎಂದು ಬರೆಯುತ್ತೇನೆ. ಏನು ಕ್ರಮವೆಂದು ತಿಳಿಯದಿದ್ದರೆ ವರದಿಗಾರರಿಗೆ ಕರೆ ಮಾಡುತ್ತೇನೆ. ‘ಕೈವಾಡ’ ಬಂದಲ್ಲಿ ಯಾರದು, ಏನು ಮಾಡಿದರು, ಇದನ್ನು ಹೇಳಿದವರು ಯಾರು ಎಂದು ಕೇಳುತ್ತೇನೆ. ಮೂರಕ್ಕೂ ಉತ್ತರ ಸಿಕ್ಕಾಗ ಆ ಪದವೇ ಬೇಕಾಗುವುದಿಲ್ಲ, ನಡೆದುದನ್ನೇ ಬರೆಯಬಹುದು. ಒಂದಕ್ಕೂ ಸಿಗದಿದ್ದರೆ ಆ ವಾಕ್ಯವನ್ನು ಪುಟಕ್ಕೆ ಹೋಗಲು ಬಿಡುವುದಿಲ್ಲ.